ಹೋಯಾ ಬಳ್ಳಿಗೆ ಚಳಿಗಿಂತ ಕತ್ತಲೆಯೇ ಕಷ್ಟ

ಚಳಿನಾಡುಗಳಲ್ಲಿ ನೆಲೆಸಿರುವ ಓದುಗರಿಂದ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೋಯಾ ಬಳ್ಳಿಗೆ ಸಂಬಂಧಿಸಿದವು. ದಪ್ಪ ಎಲೆ, ಮೇಣದಲ್ಲಿ ಎರಕ ಹೊಯ್ದಂತಹ ನಕ್ಷತ್ರಾಕಾರದ ಹೂವು. ನೋಡಲು ಹೊಸದೆನಿಸಿದರೂ ಇದು ನಮ್ಮ ಎಕ್ಕ, ಕಣಗಿಲೆಗಳ ಕುಟುಂಬದ್ದೇ. ಕಾಂಡ ಮುರಿದರೆ ಎಕ್ಕದಂತೆ ಬಿಳಿ ಹಾಲು ಒಸರುತ್ತದೆ. ಕೆನಡಾದ ಎಡ್ಮಂಟನ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಈ ಬಳ್ಳಿಗಳನ್ನು ಬೆಳೆಸುತ್ತಿದ್ದೇನೆ. ಮೊದಲ ಎರಡು ಚಳಿಗಾಲಗಳಲ್ಲಿ ನಾನು ಕಳೆದುಕೊಂಡ ಗಿಡಗಳು ಕಲಿಸಿದ್ದೂ ಈ ಉತ್ತರಗಳಲ್ಲಿದೆ.

ಪ್ರಶ್ನೆ: ನಾವಿರುವುದು ಮಿನಿಯಾಪೊಲಿಸ್‌ನಲ್ಲಿ. ಜನವರಿಯಲ್ಲಿ ಆನ್‌ಲೈನ್ ಮಾರಾಟಗಾರರು ಹೋಯಾ ಗಿಡಗಳನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಶಾಖದ ಪೊಟ್ಟಣ ಇಟ್ಟು ಕಳುಹಿಸುತ್ತಾರಂತೆ. ತರಿಸಬಹುದೇ? ಮೊದಲ ಗಿಡಕ್ಕೆ ಯಾವ ಜಾತಿ ಒಳ್ಳೆಯದು?

ತರಿಸಬೇಡಿ. ಮೇ ತಿಂಗಳವರೆಗೆ ಕಾಯಿರಿ. ಶಾಖದ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಅದು ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಕೂಡಿ ತುಕ್ಕು ಹಿಡಿಯುವಾಗ ಬಿಸಿಯಾಗುತ್ತದೆ. 72 ಗಂಟೆ ಎಂದು ಬರೆದಿದ್ದರೂ ಗಾಳಿ ಸಾಲದಿದ್ದರೆ ಅಷ್ಟು ಹೊತ್ತು ಕೆಲಸ ಮಾಡುವುದಿಲ್ಲ. ಗಿಡಕ್ಕೆ ತಾಗಿಕೊಂಡಿದ್ದರೆ ಎಲೆಯನ್ನೇ ಬೇಯಿಸಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಮಪಾತದಿಂದ ಪಾರ್ಸೆಲ್ ಎರಡು ದಿನ ಗೋದಾಮಿನಲ್ಲಿ ಉಳಿದರೆ ಯಾವ ಪೊಟ್ಟಣವೂ ಕಾಪಾಡಲಾರದು. ಮಾರುವವರ ಊರಿನಲ್ಲೂ ನಿಮ್ಮ ಊರಿನಲ್ಲೂ ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯದ ವಾರವನ್ನು ಆರಿಸಿಕೊಳ್ಳಿ. ಸೋಮವಾರ ಕಳುಹಿಸಲು ಹೇಳಿ. ಶನಿವಾರ, ಭಾನುವಾರ ಪೆಟ್ಟಿಗೆ ಎಲ್ಲೋ ಬಿದ್ದಿರುವುದು ತಪ್ಪುತ್ತದೆ.

ಚಳಿಗಾಲದಲ್ಲೇ ಕೊಳ್ಳಬೇಕೆಂದಿದ್ದರೆ ಹತ್ತಿರದ ಅಂಗಡಿಗೆ ಹೋಗಿ. ಆದರೆ ಅಂಗಡಿಯ ಬಾಗಿಲಿನಿಂದ ಕಾರಿನವರೆಗಿನ ಆ ಐವತ್ತು ಹೆಜ್ಜೆಗಳನ್ನು ಹಗುರವಾಗಿ ಕಾಣಬೇಡಿ. ಮೈನಸ್ 15 ಡಿಗ್ರಿಯಲ್ಲಿ ಕೆಲವೇ ನಿಮಿಷ ಸಾಕು, ಎಲೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಮೊದಲು ಕಾರನ್ನು ಬೆಚ್ಚಗೆ ಮಾಡಿ, ಗಿಡವನ್ನು ಕಾಗದದಲ್ಲಿ ಸುತ್ತಿಸಿ, ಮೇಲೊಂದು ಚೀಲ ಮುಚ್ಚಿ ತನ್ನಿ. ಚಳಿ ತಾಗಿದ್ದು ಆ ದಿನವೇ ಗೊತ್ತಾಗದಿರಬಹುದು. ಒಂದೆರಡು ದಿನಗಳಲ್ಲಿ ಎಲೆ ನೀರು ತುಂಬಿದಂತೆ ಕಪ್ಪಾಗಿ, ಕಿವುಚಿದ ಹಣ್ಣಿನಂತೆ ಮೆತ್ತಗಾಗುತ್ತದೆ.

ಕೊಳ್ಳುವಾಗ ಹೂವನ್ನು ನೋಡಬೇಡಿ, ಎಲೆಯ ಬುಡವನ್ನೂ ಗೆಣ್ಣನ್ನೂ ನೋಡಿ. ಹತ್ತಿಯಂತಹ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಎಷ್ಟೇ ಅಗ್ಗವಾದರೂ ಅಲ್ಲಿಯೇ ಬಿಟ್ಟು ಬನ್ನಿ. ಮನೆಗೆ ತಂದ ಗಿಡವನ್ನು ಮೂರು ವಾರ ಉಳಿದವುಗಳಿಂದ ದೂರವಿಡಿ. ಬಂದ ದಿನವೇ ಕುಂಡ ಬದಲಿಸುವ ಅವಸರವೂ ಬೇಡ.

ಮೊದಲ ಗಿಡಕ್ಕೆ ಹೋಯಾ ಕಾರ್ನೋಸಾ. ಚೀನಾದ ದಕ್ಷಿಣ ಭಾಗ, ತೈವಾನ್, ಜಪಾನ್‌ನ ಕಡೆಯದು. ನಮ್ಮ ತಪ್ಪುಗಳನ್ನು ಇದರಷ್ಟು ಸಹಿಸುವ ಹೋಯಾ ಇನ್ನೊಂದಿಲ್ಲ. ಕಿಟಕಿ ತುಸು ತಣ್ಣಗಿರುವ ಮನೆಯಾದರೆ ಹೋಯಾ ಲಿನಿಯಾರಿಸ್ ಕೂಡ ಹೊಂದಿಕೊಳ್ಳುತ್ತದೆ. ಹಿಮಾಲಯದ ತಪ್ಪಲಿನ ಈ ಬಳ್ಳಿ ಕೂದಲಿನಂತೆ ಇಳಿಬೀಳುತ್ತದೆ. ತಂಪನ್ನು ಇಷ್ಟಪಡುತ್ತದೆ, ಒಣ ಗಾಳಿಯನ್ನು ಮಾತ್ರ ಸಹಿಸುವುದಿಲ್ಲ. ಅಂಗೈಯಗಲ ಹೂವಿನ ಹೋಯಾ ಇಂಪೀರಿಯಾಲಿಸ್‌ನ ಚಿತ್ರ ನೋಡಿ ಮರುಳಾಗಬೇಡಿ. ಅದು ಬೋರ್ನಿಯೋ, ಸುಮಾತ್ರಾಗಳ ಬೆಚ್ಚನೆಯ ಕಾಡಿನದು.

ಪ್ರಶ್ನೆ: ಟೊರಾಂಟೊದಲ್ಲಿದ್ದೇವೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಹೋಯಾ ಜನವರಿ ಬಂದೊಡನೆ ಎಲೆಗಳನ್ನು ಹಳದಿ ಮಾಡಿಕೊಂಡು ಉದುರಿಸುತ್ತಿದೆ, ಉಳಿದವು ಸುಕ್ಕುಗಟ್ಟಿವೆ. ಚಳಿಯೆಂದು ಹೀಟರಿನ ಪಕ್ಕಕ್ಕೆ ಸರಿಸಿದೆ. ನಮ್ಮ ಅತ್ತೆಯವರು ನೀರು ಸಾಲದು ಎಂದು ದಿನವೂ ಒಂದು ಲೋಟ ಹಾಕುತ್ತಿದ್ದಾರೆ. ಏನು ಮಾಡಲಿ?

ಮೊದಲು ನೀರು ನಿಲ್ಲಿಸಿ. ಅತ್ತೆಯವರ ಕಾಳಜಿ ನಿಜವಾದದ್ದು. ಸುಕ್ಕುಗಟ್ಟಿದ ಎಲೆ ಕಂಡರೆ ಯಾರಿಗಾದರೂ ಬಾಯಾರಿಕೆಯೆಂದೇ ತೋರುತ್ತದೆ. ಆದರೆ ಬೇರು ಕೊಳೆತಾಗಲೂ ಎಲೆ ಹೀಗೆಯೇ ಸುಕ್ಕಾಗುತ್ತದೆ. ನೀರು ಇದೆ, ಹೀರಲು ಬೇರು ಇಲ್ಲ. ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಬಾಯಾರಿಕೆ, ಒದ್ದೆಯಿದ್ದೂ ಎಲೆ ಸುಕ್ಕಾಗಿದ್ದರೆ ಕೊಳೆ.

ಈ ಗಿಡದ ಸ್ವಭಾವ ತಿಳಿದರೆ ಕಾರಣ ಅರ್ಥವಾಗುತ್ತದೆ. ಹೆಚ್ಚಿನ ಹೋಯಾಗಳು ಕಾಡಿನಲ್ಲಿ ಮರದ ಕೊಂಬೆಗಳನ್ನು ಹಿಡಿದು ಬೆಳೆಯುತ್ತವೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ನಮ್ಮ ಮಲೆನಾಡಿನ ಸೀತಾಳೆ ದಂಡೆಯಂತೆ ಆಸರೆಯನ್ನಷ್ಟೇ ಪಡೆಯುತ್ತವೆ. ಮಳೆ ಸುರಿದು ಬೇರು ತೊಯ್ಯುತ್ತದೆ, ಗಾಳಿಯಾಡಿ ಬೇಗನೆ ಆರುತ್ತದೆ. ತೊಯ್ದು ಆರುವ ಈ ಲಯಕ್ಕೆ ಒಗ್ಗಿದ ಬೇರು ಸದಾ ಒದ್ದೆಯಿರುವ ಮಣ್ಣಿನಲ್ಲಿ ಉಸಿರುಗಟ್ಟುತ್ತದೆ. ಜೊತೆಗೆ ಹೋಯಾ ಕಾರ್ನೋಸಾದಂತಹ ಜಾತಿಗಳು ಅನಾನಸಿನಂತೆ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ನೀರಿನ ಖರ್ಚು ಮೊದಲೇ ಕಡಿಮೆ; ಬೆಳಕಿಲ್ಲದಿದ್ದರೆ ಇನ್ನೂ ಕಡಿಮೆ.

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ಟೊರಾಂಟೊದಲ್ಲಿ ಡಿಸೆಂಬರ್ ಕೊನೆಗೆ ಒಂಬತ್ತು ಗಂಟೆಯೂ ಪೂರ್ತಿ ಸಿಗುವುದಿಲ್ಲ, ಅದರಲ್ಲೂ ಬಹುಪಾಲು ಮೋಡ. ಮನೆಯೊಳಗೆ 20 ಡಿಗ್ರಿ ಕಾಯ್ದುಕೊಂಡರೆ ಗಿಡಕ್ಕೆ ಚಳಿಯಾಗುವುದಿಲ್ಲ. ಅದು ಅನುಭವಿಸುವುದು ಕತ್ತಲೆಯನ್ನು. ಕತ್ತಲೆಯಲ್ಲಿರುವ ಗಿಡಕ್ಕೆ ಬೇಸಿಗೆಯ ಲೆಕ್ಕದಲ್ಲಿ ನೀರು ಹಾಕಿದಾಗ ಬೇರು ಸಾಯುತ್ತದೆ. ಚಳಿನಾಡಿನಲ್ಲಿ ಹೋಯಾ ಕಳೆದುಕೊಂಡವರಲ್ಲಿ ಹೆಚ್ಚಿನವರ ಕಥೆ ಇದೇ. ನನ್ನದೂ ಇದೇ ಆಗಿತ್ತು.

ಈಗ ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರತೆಗೆಯಿರಿ. ಕಂದು ಬಣ್ಣದ, ಎಳೆದರೆ ಸಿಪ್ಪೆ ಕಳಚಿ ಬರುವ ಬೇರುಗಳನ್ನು ಸ್ವಚ್ಛ ಕತ್ತರಿಯಿಂದ ತೆಗೆದುಹಾಕಿ. ಗಟ್ಟಿಯಾದ ಬೇರು ಸ್ವಲ್ಪವಾದರೂ ಉಳಿದಿದ್ದರೆ ಅದಕ್ಕೆ ತಕ್ಕ ಚಿಕ್ಕ ಕುಂಡದಲ್ಲಿ ನೆಡಿ. ದೊಡ್ಡ ಕುಂಡದ ಮಣ್ಣು ಒಣಗುವುದೇ ಇಲ್ಲ. ಆರ್ಕಿಡ್‌ಗೆ ಬಳಸುವ ಮರದ ತೊಗಟೆ ಚೂರು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮವಾಗಿ ಬೆರೆಸಿದರೆ ಸಾಕು. ಬೇರು ಒಂದೂ ಉಳಿದಿಲ್ಲವಾದರೆ ಎರಡು ಗೆಣ್ಣುಗಳಿರುವ ಆರೋಗ್ಯವಂತ ಕಾಂಡವನ್ನು ಕತ್ತರಿಸಿ, ಕೆಳಗಿನ ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಬೆಚ್ಚಗೆ, ಬೆಳಕಿನಲ್ಲಿದ್ದರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ.

ಮುಂದೆ ನೀರು ಹಾಕುವ ಮೊದಲು ಒಂದು ಹಳೆಯ ಎಲೆಯನ್ನು ಎರಡೂ ಅಂಚು ಹಿಡಿದು ಹಗುರವಾಗಿ ಬಾಗಿಸಿ. ಗಟ್ಟಿಯಾಗಿ ನಿಂತರೆ ನೀರು ಬೇಡ. ಮೆದುವಾಗಿ ಮಡಚಿಕೊಂಡು, ಮಣ್ಣೂ ಒಣಗಿದ್ದರೆ ಕುಂಡದ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಚಳಿಗಾಲದಲ್ಲಿ ಇದು ಎರಡು ಮೂರು ವಾರಕ್ಕೊಮ್ಮೆ ಬರಬಹುದು. ಕ್ಯಾಲೆಂಡರ್ ನೋಡಿ ಹಾಕಬೇಡಿ. ನಲ್ಲಿಯ ನೀರು ಆ ದಿನಗಳಲ್ಲಿ ಕೊರೆಯುತ್ತಿರುತ್ತದೆ. ರಾತ್ರಿ ತುಂಬಿಟ್ಟು ಬೆಳಿಗ್ಗೆ ಬಳಸಿ. ಚಿಗುರು ಕಾಣುವವರೆಗೆ ಗೊಬ್ಬರವೂ ಬೇಡ.

ಹೀಟರಿನ ಪಕ್ಕದಿಂದ ಇವತ್ತೇ ತೆಗೆಯಿರಿ. ಅಲ್ಲಿನ ಬಿಸಿ ಒಣ ಗಾಳಿಯಲ್ಲಿ ಎಲೆಯ ರಸ ಹೀರುವ ನುಸಿ ಬಹಳ ಬೇಗ ಹೆಚ್ಚುತ್ತದೆ. ದಕ್ಷಿಣದ ಕಿಟಕಿಗೆ ಹತ್ತಿರವಿಡಿ, ಎಲೆ ಮಾತ್ರ ಗಾಜಿಗೆ ತಾಗದಿರಲಿ. ರಾತ್ರಿ ಪರದೆ ಎಳೆದಾಗ ಗಿಡ ಪರದೆಯ ಈಚೆಗಿರಬೇಕು; ಆಚೆಗಿದ್ದರೆ ಗಾಜಿನ ಮತ್ತು ಪರದೆಯ ನಡುವೆ ಶೀತಪೆಟ್ಟಿಗೆಯೊಳಗೆ ಇಟ್ಟಂತೆಯೇ.

ಪ್ರಶ್ನೆ: ಹೆಲ್ಸಿಂಕಿಯಲ್ಲಿ ಐದು ವರ್ಷಗಳಿಂದ ಹೋಯಾ ಕಾರ್ನೋಸಾ ಇಟ್ಟುಕೊಂಡಿದ್ದೇನೆ. ಬಳ್ಳಿ ಉದ್ದವಾಗಿದೆ, ಒಂದು ಹೂವೂ ಬಿಟ್ಟಿಲ್ಲ. ಎಲೆಯಿಲ್ಲದ ಉದ್ದ ಕುಡಿಗಳನ್ನು ಆಗಾಗ ಕತ್ತರಿಸಿ ಚೊಕ್ಕಟವಾಗಿಡುತ್ತೇನೆ.

ನೀವು ಚೊಕ್ಕಟ ಮಾಡುವುದರಲ್ಲೇ ಉತ್ತರದ ಅರ್ಧವಿದೆ. ಎಲೆಯಿಲ್ಲದೆ ಚಾಚುವ ಕುಡಿ ಒಣಗಿದ ಕಡ್ಡಿಯಲ್ಲ. ಹಿಡಿಯಲು ಆಸರೆ ಹುಡುಕುತ್ತಿರುವ ಬಳ್ಳಿಯ ಕೈ ಅದು. ಎಲೆ ಆಮೇಲೆ ಬರುತ್ತದೆ, ಹೂವಿನ ಮೋಟು ತೊಟ್ಟೂ ಎಷ್ಟೋ ಸಲ ಅದರ ಮೇಲೆಯೇ ಮೂಡುತ್ತದೆ. ತಂತಿಯ ಬಳೆಗೆ ಮೆಲ್ಲಗೆ ಸುತ್ತಿಬಿಡಿ. ಹೂ ಉದುರಿದ ಮೇಲೂ ಆ ತೊಟ್ಟನ್ನು ಕೀಳಬೇಡಿ. ಕಾರ್ನೋಸಾ ವರ್ಷ ವರ್ಷವೂ ಅದೇ ತೊಟ್ಟಿನಿಂದ ಹೊಸ ಗೊಂಚಲು ಬಿಡುತ್ತದೆ. ದೇವರಿಗೆಂದು ಗೊಂಚಲನ್ನು ತೊಟ್ಟುಸಹಿತ ಕಿತ್ತರೆ ಮುಂದಿನ ವರ್ಷಗಳ ಹೂವನ್ನೂ ಕಿತ್ತಂತೆ. ಬಿಡಿ ಹೂಗಳನ್ನು ಮಾತ್ರ ಬಿಡಿಸಿಕೊಳ್ಳಿ.

ಉಳಿದರ್ಧ ಬೆಳಕು. ಹೆಲ್ಸಿಂಕಿಯಲ್ಲಿ ಡಿಸೆಂಬರ್ ಕೊನೆಗೆ ಹಗಲು ಆರು ಗಂಟೆಯನ್ನೂ ಮುಟ್ಟುವುದಿಲ್ಲ. ಒಂದು ಬಿಳಿ ಎಲ್‌ಇಡಿ ಬೆಳೆದೀಪ (ಗ್ರೋ ಲೈಟ್) ಕೊಳ್ಳಿ, ಬಳ್ಳಿಗಿಂತ ಸುಮಾರು 30 ಸೆಂಟಿಮೀಟರ್ ಮೇಲೆ ತೂಗುಹಾಕಿ, ಟೈಮರ್ ಹಾಕಿ ದಿನಕ್ಕೆ 12 ಗಂಟೆ ಉರಿಸಿ. ನನ್ನ ಮನೆಯಲ್ಲಿ ಹಲವು ವರ್ಷ ಸುಮ್ಮನಿದ್ದ ಬಳ್ಳಿ ದೀಪ ಹಾಕಿದ ಮೊದಲ ಬೇಸಿಗೆಯಲ್ಲೇ ಹೂಬಿಟ್ಟಿತು. ರಾತ್ರಿ ಹನ್ನೊಂದಕ್ಕೆ ಆ ಪರಿಮಳಕ್ಕೆ ಎಚ್ಚರವಾಗಿ, ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದ್ದೆ. ಮೊಗ್ಗು ಕಂಡ ಮೇಲೆ ಕುಂಡವನ್ನು ಅಲ್ಲಿಂದಿಲ್ಲಿಗೆ ಸರಿಸಬೇಡಿ, ಮಣ್ಣು ಪೂರ್ತಿ ಒಣಗಲೂ ಬಿಡಬೇಡಿ, ಮೊಗ್ಗು ಉದುರುತ್ತದೆ.

ಪ್ರಶ್ನೆ: ಪ್ರೇಮಿಗಳ ದಿನಕ್ಕೆ ಕೊಟ್ಟ ಹೃದಯಾಕಾರದ ಒಂದೇ ಎಲೆಯ ಹೋಯಾ. ಎರಡು ವರ್ಷವಾದರೂ ಎಲೆ ಹಸಿರಾಗಿದೆ, ಚಿಗುರು ಬಂದಿಲ್ಲ.

ಬರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಅದು ಹೋಯಾ ಕೆರಿಯ ಒಂಟಿ ಎಲೆ. ಚಿಗುರು ಹುಟ್ಟುವುದು ಗೆಣ್ಣಿನಿಂದ. ಗೆಣ್ಣಿಲ್ಲದ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿರುತ್ತದೆ, ಬಳ್ಳಿಯಾಗುವುದಿಲ್ಲ. ಹೀಗೆಂದು ಬರೆಯದೆ ಮಾರುವುದು ನನಗೆ ತಪ್ಪೆನಿಸುತ್ತದೆ. ಕೊಟ್ಟವರ ನೆನಪಿಗಾಗಿ ಇಟ್ಟುಕೊಳ್ಳಿ. ಬಳ್ಳಿ ಬೇಕಾದರೆ ಕಾಂಡ ಮತ್ತು ಕನಿಷ್ಠ ಎರಡು ಜೋಡಿ ಎಲೆಯಿರುವ ಗಿಡವನ್ನೇ ಕೊಳ್ಳಿ.

ಪ್ರಶ್ನೆ: ಶಿರಸಿಯ ನಮ್ಮ ತೋಟದ ಮರದ ಮೇಲೆ ಕಾಡು ಹೋಯಾ ಇದೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಕಡ್ಡಿಯನ್ನು ನ್ಯೂಜೆರ್ಸಿಗೆ ತರಬಹುದೇ?

ನಿಮ್ಮ ತೋಟದಲ್ಲಿ ಹೋಯಾ ಇದೆಯೆಂದು ಓದಿ ಬಹಳ ಸಂತೋಷವಾಯಿತು. ಪಶ್ಚಿಮ ಘಟ್ಟದಲ್ಲಿ ಹೋಯಾ ವೈಟಿ, ಹೋಯಾ ಒವಾಲಿಫೋಲಿಯಾ, ಹೋಯಾ ಪೌಸಿಫ್ಲೋರಾ ಮುಂತಾದವು ಬೆಳೆಯುತ್ತವೆ. ಇವುಗಳಲ್ಲಿ ವೈಟಿ ಘಟ್ಟ ಬಿಟ್ಟರೆ ಲೋಕದ ಬೇರೆ ಕಾಡಿನಲ್ಲಿಲ್ಲ.

ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟು ತರುವುದು ಮಾತ್ರ ಬೇಡ. ಅಮೆರಿಕದ ನಿಯಮದಂತೆ ವಿಶೇಷ ನಿರ್ಬಂಧವಿಲ್ಲದ ಗಿಡಗಳನ್ನು 12ರವರೆಗೆ ಆಮದು ಪರವಾನಗಿಯಿಲ್ಲದೆ ತರಬಹುದು. ಆದರೆ ಭಾರತ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಲೇಬೇಕು, ಬೇರಿನಲ್ಲಿ ಒಂದು ಕಣ ಮಣ್ಣೂ ಇರಬಾರದು, ವಿಮಾನ ನಿಲ್ದಾಣದಲ್ಲಿ ನೀವೇ ಘೋಷಿಸಬೇಕು. ಪ್ರಮಾಣಪತ್ರ ಕೊಡುವ ಸಸ್ಯ ಸಂಪರ್ಕತಡೆ ಕೇಂದ್ರ ಬೆಂಗಳೂರಿನಲ್ಲಿದೆ. ಹೊರಡುವುದಕ್ಕೆ ಕೆಲವು ವಾರಗಳ ಮೊದಲೇ ವಿಚಾರಿಸಿ. ಕಾಡಿನಿಂದ ಕೀಳಬೇಡಿ, ನಿಮ್ಮ ತೋಟದ ಬಳ್ಳಿಯಿಂದ ಒಂದು ಕಡ್ಡಿ ಸಾಕು.

ಪ್ರಯಾಣ ಜೂನ್ ಅಥವಾ ಜುಲೈನಲ್ಲಿರಲಿ. ಘಟ್ಟದಲ್ಲಿ ಆಗ ಮಳೆ, ಬಳ್ಳಿ ತುಂಬು ಜೀವದಲ್ಲಿರುತ್ತದೆ. ನ್ಯೂಜೆರ್ಸಿಯಲ್ಲಿ ಆಗ ಉದ್ದ ಹಗಲು. ಎರಡು ಗೆಣ್ಣಿನ ಕಡ್ಡಿ ಸೆಪ್ಟೆಂಬರಿನೊಳಗೆ ಚೆನ್ನಾಗಿ ಬೇರೂರಿರುತ್ತದೆ. ಹೊರಗಿಟ್ಟಿದ್ದರೆ ರಾತ್ರಿಯ ಉಷ್ಣತೆ 12 ಡಿಗ್ರಿಗೆ ಇಳಿಯುವ ಮುನ್ನವೇ ಒಳಗೆ ತನ್ನಿ, ದೀಪದ ಕೆಳಗಿಡಿ. ಯಾವ ಮರದಿಂದ, ಯಾವ ದಿನ ತಂದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕುಂಡಕ್ಕೆ ಸಿಕ್ಕಿಸಿ. ಹೂಬಿಟ್ಟ ದಿನ ನನಗೊಂದು ಚಿತ್ರ ಕಳುಹಿಸಿ; ಜಾತಿ ಯಾವುದೆಂದು ಹೂ ನೋಡಿದ ಮೇಲೆ ಹೇಳುವುದೇ ಸರಿ.