ಅಣ್ಣ, ರೀಸೆಟ್ ಒತ್ತಬೇಡಿ, ಮೊದಲು ಕಾರ್ಡ್ ನೋಡಿ

ಅಣ್ಣ, ಇವತ್ತು ರಾತ್ರಿ ಏನೂ ಮಾಡಬೇಡಿ. "ಫೋನ್ ಹ್ಯಾಂಗ್ ಆಗ್ತಿದೆ, ರೀಸೆಟ್ ಹೊಡೀತೀನಿ, ತೋಟದ ಫೋಟೋ ಎಲ್ಲ ಇಂಟರ್ನಲ್ ಮಾಡಿದ ಮೆಮೊರಿ ಕಾರ್ಡಲ್ಲಿವೆ, ಭಯ ಇಲ್ಲ" ಅಂತ ಬರೆದಿದ್ದೀರಿ. ನಾನೂ ಹಾಗೇ ನಂಬಿದ್ದೆ.

ಇಂಟರ್ನಲ್ ಮಾಡಿದ ಕಾರ್ಡ್, ಅಂದರೆ ಫೋನಿನ ಸ್ವಂತ ಮೆಮೊರಿಗೇ ಸೇರಿಸಿಕೊಂಡ ಕಾರ್ಡ್, ಎನ್‌ಕ್ರಿಪ್ಟ್ ಆಗಿರುತ್ತದೆ. ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಬೀಗ ಹಾಕಿದಂತೆ. 2015ರ ಆಂಡ್ರಾಯ್ಡ್ 6ರಿಂದ ಹೀಗೇ. ಬೀಗದ ಕೈ ಫೋನಿನೊಳಗೆ. ರೀಸೆಟ್ ಮಾಡಿದರೆ ಆ ಕೀ ಅಳಿಸಿಹೋಗುತ್ತದೆ. ಕಾರ್ಡ್ ಹಾಕುವಾಗ "ಈ ಫೋನಿನಲ್ಲಿ ಮಾತ್ರ ನಡೆಯುತ್ತದೆ" ಅಂತ ತೋರಿಸುತ್ತಾರೆ. ರೀಸೆಟ್ ಆದರೆ ಅದೇ ಫೋನೂ ಓದಲ್ಲ ಅಂತ ನಮಗೆ ಹೇಗೆ ಹೊಳೆಯಬೇಕು?

ನನ್ನ ಕಾರ್ಡಿನಲ್ಲಿ ಅಪ್ಪನ ಹನ್ನೊಂದು ನಿಮಿಷದ ವಿಡಿಯೋ ಇತ್ತು. ಹಳ್ಳದ ದಂಡೆಯ ಅಪ್ಪೆಮಿಡಿ ಮರಗಳ ಕೆಳಗೆ ನಡೆಯುತ್ತಾ, ಒಂದೊಂದೇ ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, "ಇದು ಜೀರಿಗೆ ವಾಸನೆಯದ್ದು, ಇದರ ಕಸಿ ಕಟ್ಟು" ಅಂದಿದ್ದರು. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ. ರೀಸೆಟ್ ಆದ ಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿತು. ಪೇಟೆಯ ಅಂಗಡಿಯವನೊಬ್ಬ ರಿಕವರಿ ಮಾಡಿಕೊಡ್ತೀನಿ ಅಂತ ಎರಡು ಸಾವಿರ ತಗೊಂಡ. ಒಂದು ಫೋಟೋನೂ ಬರಲಿಲ್ಲ. ಕೀ ಹೋದ ಮೇಲೆ ಯಾರ ಕೈಲೂ ಆಗಲ್ಲ, ಅಲ್ಲಿ ದುಡ್ಡು ಸುರಿಯಬೇಡಿ. ಈಗ ಪ್ರತಿ ಬೇಸಿಗೆ ಮಿಡಿ ಮೂಸುತ್ತಾ ಆ ಮರ ಹುಡುಕುತ್ತಿದ್ದೇನೆ.

ಫೋನ್ ಕದ್ದವನಿಗೆ ನಮ್ಮ ಬ್ಯಾಂಕ್ ವಿವರ ಸಿಗಬಾರದು, ಒಪ್ಪುತ್ತೇನೆ. ಆದರೆ ಆಂಡ್ರಾಯ್ಡ್ 10 ಹಾಕಿಕೊಂಡು ಬಂದ ಫೋನಿಗೆಲ್ಲ ಎನ್‌ಕ್ರಿಪ್ಶನ್ ಕಡ್ಡಾಯ, ಬೇಡ ಅನ್ನೋ ಆಯ್ಕೆಯೇ ಇಲ್ಲ. ನಮ್ಮದೇ ಫೋಟೋ, ನಮ್ಮನ್ನು ಒಂದು ಮಾತು ಕೇಳಬೇಡವಾ?

ಫೋನ್ ಉಸಿರಾಡುತ್ತಿರುವಾಗಲೇ ಲಾಕ್ ತೆಗೆದು, ಕೇಬಲ್ ಹಾಕಿ, ಕಂಪ್ಯೂಟರಿಗೆ ಎಲ್ಲ ಕಾಪಿ ಮಾಡಿ. ಬರೀ ಚಾರ್ಜಿಂಗ್ ಕೇಬಲ್ ಆದರೆ ಫೈಲ್ ಕಾಣಲ್ಲ, ಡೇಟಾ ಕೇಬಲ್ಲೇ ಬೇಕು. ಕಂಪ್ಯೂಟರ್ ಇಲ್ಲದಿದ್ದರೆ ನೇರ ಫೋನಿಗೇ ಚುಚ್ಚುವ ಒಟಿಜಿ ಪೆನ್‌ಡ್ರೈವ್ ಸಾಕು. ಕಾಪಿ ಆಯ್ತು ಅಂತ ಎದ್ದು ಹೋಗಬೇಡಿ. ಹತ್ತು ವಿಡಿಯೋ ಆದರೂ ಅಲ್ಲೇ ತೆರೆದು, ಕೊನೆವರೆಗೆ ಓಡಿಸಿ ನೋಡಿ. ಆಮೇಲೆ ರೀಸೆಟ್, ಆಮೇಲೆ ಕಾರ್ಡನ್ನು ಪೋರ್ಟಬಲ್ (ತೆಗೆದು ಬೇರೆ ಕಡೆಯೂ ಓದಬಹುದಾದದ್ದು) ಅಂತಲೇ ಫಾರ್ಮ್ಯಾಟ್ ಮಾಡಿ. ಕೆಲವು ಸ್ಯಾಮ್‌ಸಂಗ್ ಫೋನುಗಳಲ್ಲಿ ಕಾರ್ಡ್ ಎನ್‌ಕ್ರಿಪ್ಟ್ ಮಾಡುವುದು ಸೆಟ್ಟಿಂಗ್ಸಲ್ಲಿ ಬೇರೆಯೇ ಇರುತ್ತದೆ. ಆನ್ ಆಗಿದ್ದರೆ ರೀಸೆಟ್‌ಗೆ ಮೊದಲೇ ಅದನ್ನು ತೆಗೆಯಿರಿ. ಹೊಸ ಕಾರ್ಡ್ ಬೇಕಾದರೆ ನಾನು ಸ್ಯಾನ್‌ಡಿಸ್ಕ್ ತರುತ್ತೇನೆ, ಬಿಲ್ ಕೊಡುವ ಅಂಗಡಿಯಿಂದ ಮಾತ್ರ. ಸಂತೆಯ ಅಗ್ಗದ ಕಾರ್ಡ್ ಬೇಡವೇ ಬೇಡ.

ಹಾಂ, ವಾಟ್ಸಾಪ್ ಬ್ಯಾಕಪ್‌ಗೂ ಬೀಗ ಹಾಕಿದ್ದೀರಾ ನೋಡಿ. ಹಾಕಿದ್ದರೆ ಪಾಸ್‌ವರ್ಡ್ ಅಥವಾ ಆ 64 ಅಕ್ಷರದ ಕೀಯನ್ನು ಅಡಿಕೆ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಫೋನಿನೊಳಗೇ ಬರೆದಿಟ್ಟರೆ ಏನು ಬಂತು?

ಡೇಟಾ ಕೇಬಲ್ ಇಲ್ಲದಿದ್ದರೆ ನಾಳೆ ಸೊಸೈಟಿ ಹತ್ತಿರ ಸಿಗಿ, ನನ್ನದು ತರುತ್ತೇನೆ.