ಬಕ್ಷೀಸ್ ಪತ್ರ ಬರೆದುಕೊಟ್ಟ ಮೇಲೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬನಹಟ್ಟಿ ಕಡೆಯ ನೇಕಾರರ ಮನೆಯ ಆಯಿ. ಎಪ್ಪತ್ತು ದಾಟಿದೆ, ಗಂಡ ಇಲ್ಲ. ನನ್ನ ಬಳಿ ಸಲಹೆಗೆ ಬಂದವರು ಅರ್ಧ ಗಂಟೆ ಮೊಣಕಾಲು ನೋವಿನ ಮಾತೇ ಆಡಿದರು. ಗುಳಿಗೆ ಯಾಕೆ ಬಿಟ್ಟಿರಿ ಎಂದಾಗ ತಡೆದು ತಡೆದು ಹೇಳಿದರು: "ರೊಕ್ಕ ಕೇಳಾಕ ನಾಚಿಕಿ ಬರತೈತಿ ಯವ್ವಾ. ನಂದ ಪಗಾರ, ನಾನ ಕೇಳಬೇಕು."

ಪಗಾರ ಎಂದರೆ ಸಂಧ್ಯಾ ಸುರಕ್ಷಾದ, ಅಂದರೆ ಸರ್ಕಾರದ ವೃದ್ಧರ ಪಿಂಚಣಿಯ, ತಿಂಗಳ 1,200 ರೂಪಾಯಿ. ಎಟಿಎಂ ಕಾರ್ಡ್ ಮಗನ ಕಿಸೆಯಲ್ಲಿ. ಮನೆಯನ್ನೂ ಅವನ ಹೆಸರಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿಕೊಟ್ಟಾಗಿದೆ. ಅಂದಿನಿಂದ ಅವರ ತಾಟು ಮಗ್ಗದ ಕೋಣೆಗೆ ಬರುತ್ತದೆ. ಮಗ್ಗದ ನೂಲಿನ ಕಂಡಿಕೆ ಸುತ್ತುತ್ತ ಒಬ್ಬರೇ ಉಣ್ಣುತ್ತಾರೆ.

ಕಾನೂನಿನ ಮಾತೆತ್ತಿದೆ. ಬೆಚ್ಚಿದರು. "ಕೇಸ್ ಹಾಕಿದ್ರ ಅವನ ಮಾನ ಹೋಗತೈತಿ. ನಾಳಿ ಮಣ್ಣು ಕೊಡಾವ ಅವನ ಅಲ್ಲೇನು?"

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೊದಲು ಪಗಾರ ಹಿಡಿದೆವು. ಅಂಚೆ ಕಚೇರಿಯಲ್ಲಿ ಹೊಸ ಖಾತೆ ತೆಗೆದು ಆಧಾರ್ ಜೋಡಿಸಿದರೆ ಪಿಂಚಣಿ ಅಲ್ಲಿಗೆ ತಿರುಗುತ್ತದೆ, ಪೋಸ್ಟ್‌ಮನ್ ಮನೆಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುತ್ತಾರೆ ಎಂದು ಹೇಳಿದೆ. ಓದದೆ ಇನ್ನೊಂದು ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಎಂದೂ.

ಮುಂದಿನ ಸಲ ಪತ್ರದ ನಕಲು ತಂದರು. "ಸಾಯೂತನ ನೋಡಿಕೊಳ್ಳಬೇಕು" ಎಂಬ ಒಂದು ಸಾಲೂ ಅದರಲ್ಲಿಲ್ಲ. ಬರೆಸುವ ದಿನ ಯಾರಾದರೂ ಅದನ್ನು ಓದಿ ಹೇಳಿದ್ದರೆ! 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಮನೆ ಮರಳಿ ಪಡೆಯಲು ಆ ಷರತ್ತೇ ಆಧಾರ. 2022ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಇರಲೇಬೇಕೆಂದು ಬಿಗಿಯಾಗಿ ಹೇಳಿತ್ತು, 2025ರ ಆರಂಭದ ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರ ಉದಾರವಾಗಿ ಅರ್ಥೈಸಿತು. ಮನೆಯ ದಾರಿ ಕಠಿಣ ಎಂದು ಮುಚ್ಚಿಡದೆ ಹೇಳಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ವಕೀಲರನ್ನು ಕಾಣಲು ತಿಳಿಸಿದೆ.

ಆದರೆ ಅದೇ ಕಾಯ್ದೆಯಡಿ ಮಗನಿಂದ ಜೀವನಾಂಶ ಕೇಳಲು ಪತ್ರದ ಹಂಗಿಲ್ಲ. ಜಮಖಂಡಿಯ ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರಿಗೆ ಅರ್ಜಿ ಕೊಟ್ಟರಾಯಿತು, ವಕೀಲರು ಬೇಡ. ತಿಂಗಳಿಗೆ 10,000 ರೂಪಾಯಿವರೆಗೆ ಆದೇಶ ಮಾಡಬಹುದು. ವಿಚಾರಣೆಗೆ ಮೊದಲೇ ಸಂಧಾನಾಧಿಕಾರಿಯ ಮುಂದೆ ಮಗನನ್ನು ಕೂಡಿಸಿ ಮಾತಾಡಿಸಲು ಅವಕಾಶವಿದೆ. ಇದು ಪೊಲೀಸ್ ಕೇಸಲ್ಲ ಎಂದು ಮೂರು ಸಲ ಹೇಳಬೇಕಾಯಿತು.

ಎರಡು ತಿಂಗಳ ಬಳಿಕ ಗುಳಿಗೆ ಚೀಟಿ ತೋರಿಸಲು ಬಂದರು. ಪಗಾರ ಅವರ ಕೈಗೇ ಬರುತ್ತಿದೆ. ಬರೆದುಕೊಟ್ಟ ಅರ್ಜಿ ಟ್ರಂಕಿನಲ್ಲಿದೆಯಂತೆ, ಸಹಿ ಇನ್ನೂ ಆಗಿಲ್ಲ. "ದೀಪಾವಳಿತನ ನೋಡ್ತೀನಿ ಯವ್ವಾ" ಎಂದರು. ಆಗಲಿ ಆಯಿ ಎಂದೆ.