ಜಪಾನಿನ ಒಕಿನಾವಾ ದ್ವೀಪಕ್ಕೆ ಯಾವಾಗ ಹೋಗೋದು ಒಳ್ಳೇದು? ಕಾರಿಲ್ಲದೆ ಸುತ್ತಬಹುದಾ?

ಕಾರಿಲ್ಲದೆ ಅಲ್ಲಿನ ಮುಖ್ಯ ನಗರ ನಾಹಾವನ್ನು ಆರಾಮಾಗಿ ನೋಡಬಹುದು. ಇಡೀ ದ್ವೀಪ ಸುತ್ತುವುದು ಕಷ್ಟ. ಅಲ್ಲಿ ರೈಲು ಅಂತ ಇರುವುದು ಯೂಯಿ ರೈಲ್ ಎಂಬ ಮಾನೋರೈಲು ಒಂದೇ. ವಿಮಾನ ನಿಲ್ದಾಣದಿಂದ ಹೊರಟು, ಶುರಿ ಕೋಟೆಯ ಹತ್ತಿರ ಹಾದು, ಪಕ್ಕದ ಉರಾಸೊಯೆ ನಗರದಲ್ಲಿ ಮುಗಿದುಹೋಗುತ್ತದೆ. ಎಲ್ಲರೂ ಹೇಳುವ ಚುರಾಉಮಿ ಅಕ್ವೇರಿಯಂ ಇರುವುದು ಉತ್ತರದ ಮೊಟೊಬುವಿನಲ್ಲಿ. ನಾಹಾದಿಂದ ಬಸ್ಸಿನಲ್ಲಿ ಎರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ, ಅಲ್ವಾ? ಹಾಗಾಗಿ ಉತ್ತರದ ಕಡೆಗೆ ಬಾಡಿಗೆ ಕಾರೇ ವಾಸಿ. ರಸ್ತೆಯ ಎಡಬದಿಯಲ್ಲೇ ಓಡಿಸಬೇಕು, ಅದು ನಮಗೆ ಅಭ್ಯಾಸ ಇರುವುದೇ. ಆದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲೇ ಮಾಡಿಸಿಕೊಂಡು ಹೋಗಿ.

ಮೇ ಆರಂಭದಿಂದ ಜೂನ್ ಕೊನೆಯ ತನಕ ಮಳೆಗಾಲ. ಆಮೇಲೆ ಅಕ್ಟೋಬರ್‌ವರೆಗೂ ಚಂಡಮಾರುತದ ಭಯ. ಬಂತೆಂದರೆ ವಿಮಾನ, ದೋಣಿ ಎಲ್ಲ ಬಂದ್. ಆ ಸಮಯದಲ್ಲೇ ಹೋಗುವುದಾದರೆ ಒಂದೆರಡು ದಿನ ಕೈಯಲ್ಲಿಟ್ಟುಕೊಳ್ಳಿ. ಈಜುವಾಗ ಬಲೆ ಹಾಕಿದ ಬೀಚಿನಲ್ಲೇ ಇಳಿಯಿರಿ, ಬೇಸಿಗೆಯಲ್ಲಿ ಹಾಬು ಕುರಾಗೆ ಎಂಬ ವಿಷದ ಜೆಲ್ಲಿ ಮೀನಿನ ಕಾಟ ಇದೆ.

ನನ್ನನ್ನು ಕೇಳಿದರೆ ಏಪ್ರಿಲ್ ಮಧ್ಯಭಾಗ ಅಥವಾ ನವೆಂಬರ್. ಏಪ್ರಿಲ್ ಕೊನೆಯ ವಾರ ಮಾತ್ರ ಬೇಡ. ಜಪಾನಿನವರಿಗೆಲ್ಲ ಸಾಲು ರಜೆ, ಕೋಣೆ ಸಿಗುವುದೇ ಕಷ್ಟ. ಈಜು ಬೇಡ, ತಿಮಿಂಗಿಲ ನೋಡಬೇಕು ಅಂದರೆ ಜನವರಿಯಿಂದ ಮಾರ್ಚ್ ಒಳಗೆ ಕೆರಾಮಾ ದ್ವೀಪಗಳ ಕಡೆ ದೋಣಿ ಹತ್ತಿ.